ಬಾಗಿಲು ಒಡೆದವನೂ, ಬಾಗಿಲು ಹಾಕಿದವರೂ

ಹೋದ ಸಲ ಊರಿಗೆ ಬಂದಾಗ ಉಡುಪಿಯ ಹತ್ತಿರ ಒಂದು ಮದುವೆ ಹಾಲ್‌ನಲ್ಲಿ ಊಟದ ಪಂಕ್ತಿಗೆ ಕಾಯುತ್ತಾ ಕೂತಿದ್ದೆ. 'ಮುಂಬಯಿಯವರು' ಅಂದ ಕೂಡಲೇ ಊರಿನವರು ಕೇಳುವ ಪ್ರಶ್ನೆಗಳು ಎರಡೋ ಮೂರೋ. ಮಳೆ ಹೇಗೆ, ರೂಮಿನ ಬಾಡಿಗೆ ಎಷ್ಟು, ಸಿನಿಮಾದವರು ಯಾರಾದರೂ ಕಾಣಸಿಗುತ್ತಾರಾ. ಆ ದಿನ ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ ಕೇಳಿದ: "ಅಂಕಲ್, ಸಿ.ಐ.ಡಿ.ಯ ದಯಾ ನಮ್ಮ ಕಡೆಯವ್ರಂತೆ, ಹೌದಾ? ಹಾಗಿದ್ರೆ ಕನ್ನಡ ಬಿಟ್ಟು ಹಿಂದೀಲಿ ಯಾಕಿದಾರೆ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಭಾವ ತೀರ್ಪು ಕೊಟ್ಟುಬಿಟ್ಟರು: "ಇಪ್ಪತ್ತು ವರ್ಷ ಬಾಗಿಲು ಒಡೆದದ್ದು ಬಿಟ್ಟರೆ ಅವ ಎಂತ ಮಾಡಿದ್ದಾನೆ ಮಾರಾಯ?" ಎಲ್ಲರೂ ನಕ್ಕರು. ಅಷ್ಟರಲ್ಲಿ ಪಂಕ್ತಿಗೆ ಕರೆ ಬಂತು, ಮಾತು ಅಲ್ಲಿಗೇ ನಿಂತಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಸ್ವಲ್ಪ ಖಾರವಾದರೆ ಊರಿನವರು ಕ್ಷಮಿಸಬೇಕು.

ದಯಾನಂದ ಶೆಟ್ಟಿಯವರು 1969ರ ಡಿಸೆಂಬರ್‌ನಲ್ಲಿ ಹುಟ್ಟಿದವರು, ಕಟಪಾಡಿ ಕಡೆಯವರು. ಆಗ ಉಡುಪಿ ಜಿಲ್ಲೆ ಎಂಬುದೇ ಇರಲಿಲ್ಲ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೂ ಬಂದಿರಲಿಲ್ಲ. ಮನೆಮಾತು ತುಳು. ಓದು ಮುಂಬಯಿಯಲ್ಲಿ. ಮೊದಲಿಗೆ ಅವರು ನಟರಲ್ಲ, ಆಟಗಾರರು. ಗುಂಡು ಎಸೆತ, ಡಿಸ್ಕಸ್ ಎಸೆತ ಅವರ ಕ್ಷೇತ್ರ. ಕಾಲಿನ ಗಾಯ ಅವರನ್ನು ಮೈದಾನದಿಂದ ಹೊರಗೆ ಹಾಕಿತು. ಆ ಮೇಲೆ ಹಿಡಿದದ್ದು ಅಭಿನಯದ ದಾರಿ. ಆ ದಾರಿಯ ಆರಂಭದಲ್ಲಿ ಅವರಿಗೆ ಸಿಕ್ಕಿದ್ದು ಹಿಂದಿಯ ಸ್ಟುಡಿಯೋ ಅಲ್ಲ, ತುಳು ನಾಟಕ. ಇದನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

1998ರ ಜನವರಿ 21ರಂದು ಸೋನಿ ಚಾನೆಲ್‌ನಲ್ಲಿ ಬಿ.ಪಿ. ಸಿಂಗ್ ಅವರ 'ಸಿ.ಐ.ಡಿ.' ಶುರುವಾಯಿತು. ದಯಾನಂದರ ಹೆಸರೇ ತುಂಡಾಗಿ ಪಾತ್ರದ ಹೆಸರಾಯಿತು: ಇನ್‌ಸ್ಪೆಕ್ಟರ್ ದಯಾ. ಬ್ಯಾಂಕಿನ ನೌಕರಿಯಿಂದ ರಂಗಭೂಮಿಗೆ, ಅಲ್ಲಿಂದ ಪರದೆಗೆ ಬಂದ ಶಿವಾಜಿ ಸಾಟಂ ಎ.ಸಿ.ಪಿ. ಪ್ರದ್ಯುಮ್ನ, ಆದಿತ್ಯ ಶ್ರೀವಾಸ್ತವ ಅಭಿಜಿತ್. 2018ರ ಅಕ್ಟೋಬರ್‌ನಲ್ಲಿ ನಿಲ್ಲುವ ಹೊತ್ತಿಗೆ 1,547 ಕಂತುಗಳಾಗಿದ್ದವು. 2024ರ ಡಿಸೆಂಬರ್‌ನಲ್ಲಿ ಅದೇ ಮೂವರನ್ನು ಇಟ್ಟುಕೊಂಡು ಮತ್ತೆ ಶುರುವಾಯಿತು. ಐವತ್ತೈದು ತುಂಬಿದ ಮನುಷ್ಯ ಮತ್ತೆ ಅದೇ ಪಾತ್ರದ ಅಂಗಿ ತೊಟ್ಟು ನಿಂತದ್ದನ್ನು ನಾವು ನೋಡಿದೆವು.

ಈಗ ಭಾವನವರ ಮಾತಿಗೆ ಬರೋಣ. ಬಾಗಿಲು ಒಡೆಯುವುದು ಬಿಟ್ಟರೆ ಎಂತ? 1,547ನ್ನು ಇಪ್ಪತ್ತೊಂದರಿಂದ ಭಾಗಿಸಿ ನೋಡಿ. ಆ ಧಾರಾವಾಹಿಗೆ ವರ್ಷಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಕಂತು, ಪ್ರತಿಯೊಂದರಲ್ಲೂ ಹೊಸ ಕೊಲೆ, ಹೊಸ ಮನೆ, ಹೊಸ ಅತಿಥಿ ನಟರು. ಹಳಬರು ಮಾತ್ರ ಅವರೇ. ಕತೆ ಪೊಳ್ಳಾಗಿದ್ದ ವಾರವೂ ನೋಡುಗನು ಎದ್ದು ಹೋಗದಂತೆ ಹಿಡಿದು ಕೂರಿಸಬೇಕಾದವರು ಅವರೇ. 2004ರಲ್ಲಿ ಒಂದು ಕಂತನ್ನು ಎಲ್ಲೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ 111 ನಿಮಿಷ ಚಿತ್ರೀಕರಿಸಿದರು. ಅದು ಗಿನ್ನೆಸ್ ದಾಖಲೆಯಾಯಿತು. ಒಬ್ಬ ಮಾತು ಮರೆತರೂ ಎಲ್ಲರೂ ಮೊದಲಿನಿಂದ ಶುರುಮಾಡಬೇಕಾದ ಆಟ ಅದು. ನಾಟಕ ಮಾಡಿದವರಿಗೆ ಇದರ ಕಷ್ಟ ಗೊತ್ತಾಗುತ್ತದೆ.

ಇನ್ನೊಂದು ಕಷ್ಟ ಹೊರಗೆ ಕಾಣಿಸುವುದಿಲ್ಲ. ಟಿವಿ ನಟನ ಯಶಸ್ಸೇ ಅವನ ಸೆರೆಮನೆ. 2007ರ 'ಜಾನಿ ಗದ್ದಾರ್'ನಲ್ಲಿ ಶ್ರೀರಾಮ್ ರಾಘವನ್ ಇವರಿಗೆ ಶಿವ ಎಂಬ ಬೇರೆಯೇ ಪಾತ್ರ ಕೊಟ್ಟರು. ಅದು ಎಷ್ಟು ಜನರಿಗೆ ನೆನಪಿದೆ? 2014ರಲ್ಲಿ 'ಸಿಂಗಂ ರಿಟರ್ನ್ಸ್' ಬಂದಾಗ ಅಲ್ಲಿ ಇವರು ಏನು? ಮತ್ತೆ ಇನ್‌ಸ್ಪೆಕ್ಟರ್ ದಯಾ! ಅದರ ನಿರ್ದೇಶಕ ರೋಹಿತ್ ಶೆಟ್ಟಿ. 'ಫೈಟರ್ ಶೆಟ್ಟಿ' ಎಂದೇ ಹೆಸರಾದ, ನಮ್ಮ ಕರಾವಳಿಯ ಎಂ.ಬಿ. ಶೆಟ್ಟಿಯವರ ಮಗ. ನಮ್ಮ ಕಡೆಯವರ ಮಗನಿಗೂ ಇವರಲ್ಲಿ ಬೇಕಾದದ್ದು ಆ ಪೊಲೀಸನೇ. ಇದು ನಿರ್ದೇಶಕರ ತಪ್ಪು ಅಂತ ನಾನು ಹೇಳುವುದಿಲ್ಲ. ಥಿಯೇಟರ್‌ನಲ್ಲಿ ಸಿಳ್ಳೆ ಬೀಳುವುದು ಅಲ್ಲಿಗೇ. ಸಿಳ್ಳೆ ಹೊಡೆಯುವವರು ನಾವು, "ಬೇರೆ ಎಂತ ಮಾಡಿದ್ದಾನೆ" ಅಂತ ಕೇಳುವವರೂ ನಾವೇ. ಯಾವುದಾದರೂ ಒಂದು ಮಾಡೋಣ.

ಹುಡುಗನ ಪ್ರಶ್ನೆ ಇದಕ್ಕಿಂತ ದೊಡ್ಡದು. ಕನ್ನಡ ಬಿಟ್ಟು ಹಿಂದಿಯಲ್ಲಿ ಯಾಕಿದ್ದಾರೆ? ಮೊದಲನೆಯದಾಗಿ, ಅವರು ಬಿಟ್ಟು ಬಂದದ್ದು ಕನ್ನಡವೋ ತುಳುವೋ? ಗೆದ್ದವನನ್ನು 'ಹೆಮ್ಮೆಯ ಕನ್ನಡಿಗ' ಅಂತ ಕರೆಯುವಾಗ ತುಳು ನೆನಪಾಗುವುದಿಲ್ಲ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ತುಳು ಸೇರಲಿ ಅಂತ ಕೂಗುವಾಗ ಕರಾವಳಿಯಾಚೆ ಎಷ್ಟು ಜನ ನಮ್ಮ ಜೊತೆ ದನಿ ಸೇರಿಸಿದ್ದಾರೆ? ಎರಡನೆಯದಾಗಿ, ಅವರು ನಟನೆ ಹಿಡಿದದ್ದೇ ಮನೆಮಾತಿನಲ್ಲಿ ಅಂತ ಮೇಲೆ ಹೇಳಿದೆನಲ್ಲ. ಮುಂಬಯಿಯ ತುಳು, ಕನ್ನಡ ರಂಗಭೂಮಿ ಅಂದರೆ ಏನು ಅಂತ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು, ಕರ್ನಾಟಕ ಸಂಘ 1933ರದು. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಕಟ್ಟಿ ಬೆಳೆಸಿದ ಲೋಕ ಇದು. ರಿಹರ್ಸಲ್ಲು ಕೆಲಸ ಮುಗಿದ ಮೇಲೆ, ಕೊನೆಯ ಲೋಕಲ್ ತಪ್ಪದ ಹಾಗೆ. ಪ್ರದರ್ಶನ ಭಾನುವಾರ. ಊರಿನ ನಾಟಕ ತಂಡ ಇಲ್ಲಿಗೆ ಬಂದರೆ ನಾವು ಟಿಕೆಟ್ ಕೊಂಡು ಹಾಲ್ ತುಂಬಿಸುತ್ತೇವೆ. ನಮ್ಮ ನಾಟಕದ ಬಗ್ಗೆ ಊರಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ಅದು ಅತಿಥಿಗಳ ಹೆಸರಿನ ಪಟ್ಟಿ. ನಟ ಹೇಗೆ ಮಾಡಿದ ಅಂತ ಒಂದು ಮಾತಿಲ್ಲ.

ಈ ನಗರ ನಿಮಗೆ ಏನೂ ಕೊಟ್ಟಿಲ್ಲ ಅನ್ನಬೇಡಿ. ಶಂಕರ್‌ನಾಗ್ ಯಾರು? ಹೊನ್ನಾವರದಲ್ಲಿ ಹುಟ್ಟಿದವರು, ರಂಗಭೂಮಿಯಲ್ಲಿ ಪಳಗಿದ್ದು ಮುಂಬಯಿಯಲ್ಲಿ, ಅದೂ ಮರಾಠಿ ನಾಟಕದಲ್ಲಿ. ಅಣ್ಣ ಅನಂತನಾಗ್ ಕೂಡ ಇಲ್ಲಿಯ ವೇದಿಕೆಗಳಿಂದಲೇ ಬಂದವರು. 1986ರಲ್ಲಿ ಶಂಕರ್ 'ಮಾಲ್ಗುಡಿ ಡೇಸ್' ಮಾಡಿದಾಗ ಆಗುಂಬೆಯ ಬೀದಿಯಲ್ಲಿ ಕನ್ನಡದ ನಟರು ಆಡಿದ್ದು ಹಿಂದಿಯನ್ನೇ. ಗಿರೀಶ್ ಕಾರ್ನಾಡರು ಸ್ವಾಮಿಯ ಅಪ್ಪನಾಗಿ ಹಿಂದಿ ಮಾತಾಡಿದರು. ಅವರನ್ನು ಯಾರೂ "ಯಾಕೆ ಹಿಂದಿ" ಅಂತ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅದನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದೆವು. ಹಾಗಾದರೆ ದಯಾನಂದರಿಗೆ ಮಾತ್ರ ಯಾಕೆ ಈ ವಿಚಾರಣೆ?

ಈಗ ನಿಜವಾದ ಬಾಗಿಲಿನ ಮಾತು. 1960ರ ದಶಕದ ಚಳವಳಿಯ ನಂತರ ಕನ್ನಡದಲ್ಲಿ ಡಬ್ಬಿಂಗ್‌ಗೆ ಅಘೋಷಿತ ನಿಷೇಧ ಬಿತ್ತು. ಸಿನಿಮಾಕ್ಕೆ ಹಾಕಿದ ಚಿಲಕವನ್ನು ಟಿವಿಗೂ ಹಾಕಿದೆವು. 2012ರಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೆ' ತಮಿಳು, ತೆಲುಗಿನಲ್ಲೆಲ್ಲ ಬಂತು, ಕನ್ನಡ ಚಾನೆಲ್‌ನಲ್ಲಿ ಬರಲಿಲ್ಲ. 'ಸಿ.ಐ.ಡಿ.'ಯನ್ನು ಬಂಗಾಳದ ಅಜ್ಜಿಯರು ಬಂಗಾಳಿಯಲ್ಲಿ ನೋಡಿದರು, ನಮ್ಮ ಊರಿನ ಅಜ್ಜಿಯರು ಅರ್ಥವಾಗದ ಹಿಂದಿಯಲ್ಲಿ, ಮೊಮ್ಮಕ್ಕಳ ಹತ್ತಿರ "ಎಂತ ಹೇಳಿದ್ದು?" ಅಂತ ಕೇಳಿಕೊಂಡು ನೋಡಿದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಕಾನೂನಿಗೆ ವಿರುದ್ಧ ಅಂತ ಹೇಳಿ ಚಿತ್ರರಂಗದ ಸಂಸ್ಥೆಗಳಿಗೆ ದಂಡ ಹಾಕಿತು. ಅಂದರೆ ಆ ಧಾರಾವಾಹಿ ಶುರುವಾಗಿ ಹದಿನೇಳು ವರ್ಷ ಕಳೆದ ಮೇಲೆ! ಕಟಪಾಡಿಯವರ ಬಾಯಲ್ಲಿ ಕನ್ನಡ ಬರಲಿಲ್ಲ ಅಂತ ದೂರುವ ನಾವೇ ಅಷ್ಟು ಕಾಲ ಆ ಬಾಯಿಗೆ ಕೈ ಅಡ್ಡ ಹಿಡಿದಿದ್ದೆವು.

ಡಬ್ಬಿಂಗ್ ವಿರೋಧಿಸಿದವರೆಲ್ಲ ಸ್ವಾರ್ಥಿಗಳು ಅಂತ ನಾನು ಹೇಳಲಾರೆ. ಸಣ್ಣ ಮಾರುಕಟ್ಟೆ, ಬೆಂಗಳೂರಿನ ಸಂಕಲನಕಾರ, ಲೈಟ್‌ಬಾಯ್, ಪೋಷಕ ನಟ, ಇವರ ಹೊಟ್ಟೆಪಾಡಿನ ಭಯ ಸುಳ್ಳಲ್ಲ. ಹೊರನಾಡಿನಲ್ಲಿ ಹೊಟ್ಟೆಪಾಡು ಅಂದರೇನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಭಯಕ್ಕೆ ಮಾನ್ಯತೆ ಕೊಡುವವರು ಇನ್ನೊಬ್ಬನ ಹೊಟ್ಟೆಪಾಡಿಗೂ ಕೊಡಬೇಕು. ಬೆಂಗಳೂರಿನ ನಟನ ಅನ್ನ ಕನ್ನಡಸೇವೆ, ಮುಂಬಯಿಗೆ ಹೋದವನ ಅನ್ನ ಭಾಷಾದ್ರೋಹ ಅಂದರೆ ಅದು ಯಾವ ಊರಿನ ನ್ಯಾಯ?

ಊರಿನವರಿಂದ ನಮಗೆ ಹಾರ-ಶಾಲು ಬೇಡ. ಗೆದ್ದವರಿಗೆ ಅದನ್ನು ಹೊದಿಸಲು ಬೇಕಾದಷ್ಟು ಜನ ಇದ್ದಾರೆ. ಮಾಟುಂಗಾದಲ್ಲೋ ಕುರ್ಲಾದಲ್ಲೋ ಇವತ್ತು ತುಳು ನಾಟಕದಲ್ಲಿ ಸಣ್ಣ ಪಾತ್ರ ಮಾಡುತ್ತಿರುವ ಹುಡುಗ ಒಬ್ಬನಿದ್ದಾನೆ ಅಂತಿಟ್ಟುಕೊಳ್ಳಿ. ಅವನ ಮಾತು ಶುದ್ಧವಿಲ್ಲ, ಕನ್ನಡದ ನಡುವೆ ಮರಾಠಿ ನುಸುಳುತ್ತದೆ, ಕನ್ನಡ ಓದಲು ತಡವರಿಸುತ್ತಾನೆ, ಯಾಕೆಂದರೆ ಇಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳೇ ಕಡಿಮೆಯಾಗಿವೆ. ಅವನ ನಾಟಕ ಊರಲ್ಲೊಮ್ಮೆ ಆಡಿಸಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತ ಬರೆಯಿರಿ, ಪರವಾಗಿಲ್ಲ. ಆದರೆ ನೋಡಿ ಬರೆಯಿರಿ. ನಾಳೆ ಅವನು ಹಿಂದಿ ಟಿವಿಯಲ್ಲಿ ದೊಡ್ಡವನಾದ ಮೇಲೆ "ನಮ್ಮವ" ಅನ್ನಲು ಆಗ ನಿಮಗೆ ಹಕ್ಕು ಬರುತ್ತದೆ.

ಆ ಮದುವೆ ಹಾಲ್‌ನಿಂದ ಹೊರಡುವಾಗ ಹುಡುಗ ಚಪ್ಪಲಿ ಹುಡುಕುತ್ತಾ ಮತ್ತೆ ಸಿಕ್ಕಿದ. "ಅಂಕಲ್, ನೀವು ಉತ್ತರ ಹೇಳ್ಲೇ ಇಲ್ಲ" ಅಂದ. ಬಸ್ಸಿಗೆ ಹೊತ್ತಾಗಿತ್ತು. "ಮುಂಬಯಿಗೆ ಬಾ, ಭಾನುವಾರ ಒಂದು ನಾಟಕ ತೋರಿಸ್ತೇನೆ" ಅಂದೆ. ಬರುತ್ತೇನೆ ಅಂದಿದ್ದಾನೆ. ಬಂದರೆ ಟಿಕೆಟ್ಟು ನನ್ನದು.