ಉಚಿತ ತರಬೇತಿ ಸರಿ, ಊಟ–ಬಾಡಿಗೆ ಯಾರ ಲೆಕ್ಕ?

ಪುಣೆಯಿಂದ ಬೆಳಗಾವಿ ಕಡೆ ಹೊರಟ ನಮ್ಮವರೆಲ್ಲ ಕಾಪೂರಹೋಳ ಕ್ರಾಸ್ ದಾಟಿಯೇ ಊರಿಗೆ ಹೋಗುತ್ತೇವೆ. ಅಲ್ಲಿ ಬಲಕ್ಕೆ ತಿರುಗಿದರೆ ಭೋರ್. ಹಳೆಯ ಸಂಸ್ಥಾನದ ಊರು, ಪಕ್ಕದಲ್ಲೇ ಭಾಟಘರ್ ಅಣೆಕಟ್ಟು. ಹೆದ್ದಾರಿಯಲ್ಲೇ ಮುಂದುವರಿದರೆ ನೀರಾ ನದಿ, ಅದರಾಚೆ ಶಿರವಳದ ಕಾರ್ಖಾನೆಗಳು. ಹದಿನಾಲ್ಕು ವರ್ಷದಿಂದ ಬಿಲ್ಡಿಂಗ್ ಆಟೊಮೇಷನ್ ಕೆಲಸದಲ್ಲಿರುವ ನಾನು, ಈ ಭಾಗದ ಹೊಸ ಔಷಧ ಕಾರ್ಖಾನೆಯೊಂದರ ಕೆಲಸಕ್ಕಾಗಿ ಐದು ತಿಂಗಳು ಭೋರ್‌ನಲ್ಲೇ ರೂಮ್ ಮಾಡಿಕೊಂಡಿದ್ದೆ.

ದೊಡ್ಡ ಕಟ್ಟಡವೊಂದರ ಎಸಿ, ಗಾಳಿ, ದೀಪ, ಪಂಪು ಎಲ್ಲವನ್ನೂ ಸೆನ್ಸರ್‌ಗಳ ಮೂಲಕ ಒಂದೇ ಕಂಪ್ಯೂಟರ್‌ನಿಂದ ನೋಡಿಕೊಳ್ಳುವ ವ್ಯವಸ್ಥೆ ನಮ್ಮದು. ನಾವು ಇದನ್ನು ಬಿಎಂಎಸ್ ಅನ್ನುತ್ತೇವೆ. ಐಟಿ ಪಾರ್ಕ್, ಆಸ್ಪತ್ರೆ, ವಿಮಾನ ನಿಲ್ದಾಣ, ಡೇಟಾ ಸೆಂಟರ್ ಎಲ್ಲೆಡೆ ಇದು ಬೇಕು. ಇದಕ್ಕೆ ಎಂಜಿನಿಯರ್‌ಗಳೇ ಆಗಬೇಕೆಂದಿಲ್ಲ. ವೈರಿಂಗ್ ಗೊತ್ತಿರುವ, ಡ್ರಾಯಿಂಗ್ ಓದಬಲ್ಲ ಐಟಿಐ ಹುಡುಗರು ಸಾಕು. ಆದರೆ ಸೈಟಿನಲ್ಲಿ ಅಂಥವರು ಸಿಗುವುದೇ ಕಷ್ಟ.

ಅಲ್ಲಿ ಕೇಬಲ್ ಎಳೆಯುವ ತಂಡದಲ್ಲಿ ಯಾದಗಿರಿ ಜಿಲ್ಲೆಯ ಇಪ್ಪತ್ತೊಂದರ ಹುಡುಗನೊಬ್ಬ ಇದ್ದ. ಊರಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದವನು. ಅಪ್ಪ–ಅವ್ವ ಅದೇ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದವರು. ಒಂದು ದಿನ ಕ್ಲೀನ್ ರೂಮ್ ಒಂದರ ಗಾಳಿಯ ಒತ್ತಡ ಸ್ಕ್ರೀನ್ ಮೇಲೆ ಸೊನ್ನೆಯಿಂದ ಏಳುತ್ತಲೇ ಇರಲಿಲ್ಲ. ನಾನೂ ಜೊತೆಯ ಎಂಜಿನಿಯರೂ ಪ್ರೋಗ್ರಾಂ ಕೆದಕುತ್ತಾ ಅರ್ಧ ದಿನ ಕಳೆದೆವು. ಆ ಹುಡುಗ ಬಂದು, ‘ಸರ್, ಸೆನ್ಸರಿನ ಎರಡೂ ಪೈಪ್ ಅದಲಿ ಬದಲಿ ಆಗ್ಯಾವ ಅನ್ನಿಸ್ತದ್ರಿ. ಬಾಜೂ ರೂಮಿಂದು ನಾನೇ ಹಾಕೀನಿ, ಅದು ಬ್ಯಾರೆ ಥರ ಅದ’ ಅಂದ. ತೆಗೆದು ನೋಡಿದರೆ ಅದೇ ಆಗಿತ್ತು. ಆ ಸಂಜೆ ಕೇಳಿದ: ‘ಇದನ್ನ ಕಲೀಬೇಕಂದ್ರ ಏನ್ ಓದಬೇಕ್ರಿ ಸರ್?’

ಪುಣೆಯ ಒಂದು ತರಬೇತಿ ಕೇಂದ್ರದಲ್ಲಿ ಮೂರು ತಿಂಗಳ ಉಚಿತ ಕೋರ್ಸ್ ಇತ್ತು. ನಾನೇ ಓಡಾಡಿ ಸೇರಿಸಿದೆ. ಹದಿನೇಳನೇ ದಿನ ಹುಡುಗ ಸೈಟಿಗೆ ವಾಪಸ್! ನನಗೆ ಸಿಟ್ಟು ಬಂತು. ಅವನು ಲೆಕ್ಕ ಇಟ್ಟ. ರೂಮಿನ ಪಾಲು ತಿಂಗಳಿಗೆ ಎರಡೂವರೆ ಸಾವಿರ, ಮೆಸ್ಸಿಗೆ ಮೂರು ಸಾವಿರ, ಬಸ್ಸಿನ ಖರ್ಚು ಬೇರೆ. ಇತ್ತ ದಿನಕ್ಕೆ 700 ರೂಪಾಯಿ ಕೂಲಿ ಹೋಯಿತು. ಮೇಸ್ತ್ರಿಯಿಂದ ಅಪ್ಪ ತೆಗೆದುಕೊಂಡ ಮುಂಗಡ ಹಾಗೇ ನಿಂತಿದೆ. ‘ಫೀಸಿಲ್ಲ ಖರೆ ಸರ್, ಹೊಟ್ಟಿಗಿ ಹಾಕೋರು ಯಾರು?’ ಅಂದ. ಅಷ್ಟು ದಿನದಲ್ಲಿ ಅವನು ನೋಡಿದ್ದು ಪರದೆಯ ಮೇಲಿನ ಸ್ಲೈಡ್‌ಗಳನ್ನು ಮಾತ್ರ. ಕಂಟ್ರೋಲರ್ ಗಾಜಿನ ಕಪಾಟಿನಲ್ಲಿತ್ತಂತೆ.

ಇದು ಕನ್ನಡದ ಹುಡುಗರ ಕಷ್ಟ ಮಾತ್ರವಲ್ಲ. ಭೋರ್‌ನ ಘಟ್ಟದ ಹಳ್ಳಿಗಳಿಂದ ಕಂಪನಿ ಬಸ್ಸಿಗೆ ಕಾಯುವ ಮರಾಠಿ ಹುಡುಗರೂ ಇದೇ ಲೆಕ್ಕ ಹಾಕುತ್ತಾರೆ. ಫೀಸು ಮನ್ನಾ ಮಾಡಿದರೆ ಬಡವರಿಗೆ ಬಾಗಿಲು ತೆರೆದಂತೆ ಎಂಬ ನಮ್ಮ ನಂಬಿಕೆಯೇ ತಪ್ಪು. ಮನೆಯಲ್ಲಿ ಮೂರು ತಿಂಗಳು ಸಾಕುವವರಿದ್ದರಷ್ಟೇ ಆ ಬಾಗಿಲು ತೆರೆಯುತ್ತದೆ.

ಇದಕ್ಕೆ ಉತ್ತರ ನಮ್ಮ ನಾಡಿನಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಆರಂಭಿಸಿದಾಗ ಕಲಿಕೆಯ ಜೊತೆಗೆ ಊಟ, ವಸತಿಯನ್ನೂ ಉಚಿತ ಮಾಡಿದರು. ಕೇಂದ್ರ ಸರ್ಕಾರ ಅದನ್ನೇ ಮಾದರಿ ಮಾಡಿಕೊಂಡು ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಆರ್‌ಸೆಟಿ ತೆರೆಸಿತು. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ ಕಲಿಸಿದ ಆ ಮಾದರಿಯಲ್ಲಿ ಬಿಎಂಎಸ್ ಏಕೆ ಕಲಿಸಬಾರದು? ನಾಲ್ಕು ಪ್ಯಾನೆಲ್, ಒಂದು ಹಳೆಯ ಏರ್ ಹ್ಯಾಂಡ್ಲಿಂಗ್ ಯೂನಿಟ್, ಕೈಹಾಕಿ ಕೆಡಿಸಿ ಸರಿಮಾಡುವ ಸ್ವಾತಂತ್ರ್ಯ ಇಷ್ಟಿದ್ದರೆ ಆರಂಭಿಸಬಹುದು.

ದುಡ್ಡು ಎಲ್ಲಿಂದ ಅನ್ನುತ್ತೀರಾ? 1996ರ ಕಾಯ್ದೆಯಡಿ ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುವ ವ್ಯವಸ್ಥೆ ಬಂತು. ಕಟ್ಟಡ ಕಟ್ಟಿದವರ ಮಕ್ಕಳು ಅದೇ ಕಟ್ಟಡದ ಕಂಟ್ರೋಲ್ ರೂಮಿಗೆ ಹೋಗಲು ಆ ಹಣ ಖರ್ಚಾಗುವುದಕ್ಕಿಂತ ಒಳ್ಳೆಯ ಬಳಕೆ ನನಗೆ ತೋರುತ್ತಿಲ್ಲ. ಆದರೆ ಮಂಡಳಿಯಲ್ಲಿ ಹೆಸರು ಬರೆಸಲು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದಾಖಲೆ ಬೇಕು. ಈ ಹುಡುಗನ ಅಪ್ಪನಿಗೆ ಆ ಕಾಗದಕ್ಕೆ ಮೇಸ್ತ್ರಿ ಸಹಿ ಹಾಕಿರಲಿಲ್ಲ. ಯಾದಗಿರಿಯಲ್ಲಿ ಕೇಳಿದರೆ ‘ನೀವು ದುಡಿದದ್ದು ಮಹಾರಾಷ್ಟ್ರದಲ್ಲಿ’ ಅಂದರಂತೆ. ಹೊರರಾಜ್ಯದಲ್ಲಿ ದುಡಿಯುವ ಸಾವಿರಾರು ಕುಟುಂಬಗಳು ಹೀಗೆ ಎರಡೂ ಕಡೆ ಲೆಕ್ಕಕ್ಕಿಲ್ಲ. ಎರಡೂ ಸರ್ಕಾರಗಳು ಕೂತು ಬಗೆಹರಿಸಬೇಕಾದ ವಿಷಯ ಇದು.

‘ಕಲಿಸಿದರೆ ಆರು ತಿಂಗಳಿಗೆ ಬಿಟ್ಟು ಹೋಗ್ತಾರೆ’ ಎಂದು ಕಂಪನಿಗಳವರು ಹೇಳುವುದು ಸುಳ್ಳಲ್ಲ. ನನ್ನ ಇಬ್ಬರು ಹುಡುಗರೂ ಹಾಗೇ ಹೋದರು. ಆದರೆ ನಾನೂ ಮೊದಲ ಕಂಪನಿ ಬಿಟ್ಟೇ ಇಲ್ಲಿಗೆ ಬಂದವನಲ್ಲವೇ? ಕಲಿತವರು ಹೆಚ್ಚಿದರೆ ಈ ಕಿತ್ತಾಟವೂ ಕಡಿಮೆಯಾಗುತ್ತದೆ.

ಸರ್ಕಾರಗಳು ಕೂರುವ ತನಕ ಕಾಯಬೇಕಿಲ್ಲ. 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು ನಿಯಮವಿದೆ. ಅಪ್ರೆಂಟಿಸ್‌ಗೆ ಸ್ಟೈಪೆಂಡ್ ಸಿಗುತ್ತದೆ, ಅಂದರೆ ಕಲಿಯುವಾಗ ಮೆಸ್ಸಿನ ಬಿಲ್ ಕಟ್ಟಬಹುದು. ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿ ಸೈಟ್, ಪ್ರಾಜೆಕ್ಟ್, ಮೇಂಟೆನೆನ್ಸ್ ನೋಡಿಕೊಳ್ಳುವ ಕನ್ನಡಿಗರು ಎಷ್ಟೊಂದು ಜನ ಇದ್ದೇವೆ! ನಮ್ಮ ಕಂಪನಿಯಲ್ಲಿ ಆ ಜಾಗ ತುಂಬಿದೆಯೇ ಎಂದು ಎಚ್‌ಆರ್‌ಗೆ ಒಂದು ಮಾತು ಕೇಳೋಣ. ರಾಜ್ಯೋತ್ಸವಕ್ಕೆ ಚಂದಾ ಎತ್ತುವ ನಮ್ಮ ಸಂಘಗಳು ವರ್ಷಕ್ಕೆ ಇಬ್ಬರು ಮಕ್ಕಳ ರೂಮ್ ಬಾಡಿಗೆ ಹೊರಬಹುದು.

ಆ ಹುಡುಗ ಈಗ ನಮ್ಮ ಸಬ್ ಕಾಂಟ್ರಾಕ್ಟರ್ ಹತ್ತಿರ ಅಪ್ರೆಂಟಿಸ್. ಮೊನ್ನೆ ಫೋನ್ ಮಾಡಿ, ಒಂದು ಪ್ಯಾನೆಲ್ ಪೂರ್ತಿ ತಾನೇ ಚಾಲೂ ಮಾಡಿದೆ ಅಂದ. ಅವನ ಜೊತೆ ಕೇಬಲ್ ಎಳೆಯುತ್ತಿದ್ದ ಇನ್ನೂ ನಾಲ್ವರು ಐಟಿಐ ಹುಡುಗರು ಈಗಲೂ ಕೇಬಲ್ಲೇ ಎಳೆಯುತ್ತಿದ್ದಾರೆ. ಅವರಿಗೆ ಜಾಗ ಹುಡುಕುತ್ತಿದ್ದೇನೆ. ನಿಮ್ಮಲ್ಲಿ ಇದೆಯೇ?