ಕೂಡಿಸುವುದೂ ಒಂದು ವಿದ್ಯೆ

ಪ್ರಿಯ ಮಕ್ಕಳೇ,

ರಾಜ್ಯೋತ್ಸವದ ದಿನ ನಿಮ್ಮಲ್ಲೊಬ್ಬಳು, "ಆಂಟಿ, ನಿಮ್ಮ ತಾರಸಿ ಮೇಲೆ ಎರಡು ದೊಡ್ಡ ಬಳೆ ನಿಲ್ಲಿಸಿದ್ದೀರಲ್ಲ, ಏನದು?" ಎಂದು ಕೇಳಿದ್ದಳು. "ಅಂಕಣದಲ್ಲಿ ಬರೆಯುತ್ತೇನೆ" ಎಂದು ಜಾರಿಕೊಂಡಿದ್ದೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ವಿಜ್ಞಾನ ಬರೆಯಲು ಅಳುಕು. ಆದರೂ ಮಾತು ಕೊಟ್ಟಾಗಿದೆಯಲ್ಲ!

ನಮ್ಮ ಯಜಮಾನರೂ ಮಗನೂ ಪರವಾನಗಿ ಪಡೆದ ಹ್ಯಾಮ್ ರೇಡಿಯೋ ಹವ್ಯಾಸಿಗಳು. ನಾವು ಕೊಚ್ಚಿಯಲ್ಲಿ, ಮಗ ಕೆಲಸದ ಮೇಲೆ ತಿರುವನಂತಪುರದಲ್ಲಿ. ಭಾನುವಾರ ಬೆಳಿಗ್ಗೆ 9 ಗಂಟೆಗೆ 7 ಮೆಗಾಹರ್ಟ್ಸ್‌ನಲ್ಲಿ ಇಬ್ಬರ ಭೇಟಿ. ನಡುವೆ ಸುಮಾರು 200 ಕಿಲೋಮೀಟರ್. ಆದರೆ ಅಲೆ ನೆಲದ ಮೇಲೆ ಹೋಗುವುದಿಲ್ಲ. ಮೇಲೆ ಹೋಗಿ, ಅಯಾನುಗೋಳಕ್ಕೆ ತಾಗಿ, ಕೆಳಗಿಳಿಯುತ್ತದೆ. 1963ರ ನವೆಂಬರ್ 21ರಂದು ತುಂಬಾದಿಂದ ಮೊದಲ ರಾಕೆಟ್ ಹಾರಿಸಿದ್ದು ಇಂಥ ಮೇಲಣ ವಾತಾವರಣವನ್ನು ಅರಿಯಲೆಂದೇ. ಫೋನಿನಲ್ಲಿ ಅಪ್ಪ-ಮಗನ ಮಾತು "ಊಟ ಆಯ್ತಾ?" ಎಂಬಲ್ಲಿಗೆ ಮುಗಿಯುತ್ತದೆ. ರೇಡಿಯೋದಲ್ಲಿ ಮಾತ್ರ ಅರ್ಧ ಗಂಟೆ, ಅದೂ ಅಚ್ಚ ಕನ್ನಡದಲ್ಲಿ. ನಾನು ತರಕಾರಿ ಹೆಚ್ಚುತ್ತಾ ಪಕ್ಕದಲ್ಲಿ ಕೂತು ಕೇಳುತ್ತೇನೆ.

2018ರ ಆಗಸ್ಟ್ ಪ್ರವಾಹ ನಿಮಗೆ ನೆನಪಿರಬೇಕು. ಪೆರಿಯಾರ್ ಉಕ್ಕಿ ವಿಮಾನ ನಿಲ್ದಾಣವೇ ಮುಚ್ಚಿತ್ತು. ಕೇರಳದ ಹ್ಯಾಮ್‌ಗಳು ಪರಿಹಾರ ಕಾರ್ಯಕ್ಕಾಗಿ ಸಂದೇಶ ಸಾಗಿಸುತ್ತಿದ್ದರು. ನಮ್ಮ ಬೀದಿಯಲ್ಲಿ ಕರೆಂಟೂ ಇಲ್ಲ, ಫೋನೂ ಇಲ್ಲ. ಯಜಮಾನರು ಕಾರಿನ ಬ್ಯಾಟರಿಗೆ ರೇಡಿಯೋ ಜೋಡಿಸಿದರು. "ಅಪ್ಪಾ, ಅಮ್ಮ ಹೇಗಿದ್ದಾಳೆ?" ಎಂಬ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ! ಕಾರಣ ಆಮೇಲೆ ತಿಳಿಯಿತು. ಎಲ್‌ಇಡಿ ದೀಪ, ಚಾರ್ಜರ್, ಇನ್ವರ್ಟರ್‌ಗಳೆಲ್ಲ ರೇಡಿಯೋಗೆ ಕೊರ್ರೋ ಎಂಬ ಗದ್ದಲ ತುಂಬುತ್ತವೆ. ಕರೆಂಟು ಹೋದಾಗ ಆ ಗದ್ದಲವೂ ಹೋಗಿತ್ತು.

ಕರೆಂಟು ಬಂತು, ಗದ್ದಲವೂ ಬಂತು. ವರ್ಷ ಕಳೆದಂತೆ ಅದು ಏರುತ್ತಲೇ ಹೋಯಿತು. ಭಾನುವಾರದ ಅರ್ಧ ಗಂಟೆ ಐದು ನಿಮಿಷಕ್ಕಿಳಿಯಿತು. ಒಂದು ದಿನ ಇವರು, "ಸಾಕು ಬಿಡು, ಇನ್ನು ಫೋನೇ ಮಾಡೋಣ" ಎಂದರು. ನನಗೆ ಕಸಿವಿಸಿಯಾಯಿತು. "ಮಗನ ದನಿ ಕೇಳುವುದಕ್ಕೆ ಇನ್ನೊಂದು ಪ್ರವಾಹ ಬರಬೇಕೇನು?" ಎಂದುಬಿಟ್ಟೆ. ಅದಾದ ಮೇಲೆ ಎದ್ದು ನಿಂತವೇ ಆ ತಾಮ್ರದ ಬಳೆಗಳು. ಕೇಳುವುದಕ್ಕೆಂದೇ ಮಾಡಿದ ಆಂಟೆನಾಗಳವು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು, ನಡುವೆ 10 ಮೀಟರ್.

ಎರಡರ ತಂತಿಗಳನ್ನು ಒಟ್ಟಿಗೆ ಹೊಸೆದರೆ ಆಯಿತಲ್ಲ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಹಾಗೆ ಮಾಡಿದರೆ 50 ಓಮ್‌ನ ಎರಡು ಕೇಬಲ್ ಸೇರಿ 25 ಆಗುತ್ತದೆ. ಒಂದು ಹಿಡಿದದ್ದರಲ್ಲಿ ಪಾಲು ರೇಡಿಯೋಗೆ ಬರುವ ಬದಲು ಇನ್ನೊಂದರ ಕಡೆಗೆ ಹರಿದುಹೋಗುತ್ತದೆ. ಅದಕ್ಕೇ ಕಂಬೈನರ್ ಎಂಬ ಪುಟ್ಟ ಡಬ್ಬಿ ಬೇಕು. ಒಳಗೆ ಕೋಡುಬಳೆಯಂಥ ಫೆರೈಟ್ ಉಂಗುರ, ಅದಕ್ಕೆ ಸುತ್ತಿದ ತಂತಿ. ಎರಡು ಬಾಗಿಲುಗಳ ನಡುವೆ 100 ಓಮ್‌ನ ಒಂದು ರೆಸಿಸ್ಟರ್. ಎರಡೂ ಕಡೆಯಿಂದ ಒಂದೇ ತೆರನಾದ ಅಲೆ ಬಂದರೆ ರೆಸಿಸ್ಟರ್ ಸುಮ್ಮನಿರುತ್ತದೆ, ಎಲ್ಲವೂ ರೇಡಿಯೋಗೆ ಹೋಗುತ್ತದೆ. ಒಂದು ಏರುವಾಗ ಇನ್ನೊಂದು ಇಳಿದರೆ ಎಲ್ಲವೂ ಆ ರೆಸಿಸ್ಟರಿನಲ್ಲೇ ಸುಟ್ಟುಹೋಗುತ್ತದೆ. ಇನ್ನೊಂದು ಉಂಗುರ 25 ಓಮನ್ನು ಮತ್ತೆ 50ಕ್ಕೆ ಏರಿಸುತ್ತದೆ. ಉಯ್ಯಾಲೆಯನ್ನು ಇಬ್ಬರು ಒಟ್ಟಿಗೆ ನೂಕಿದರೆ ಎತ್ತರಕ್ಕೆ ಹೋಗುತ್ತದೆ. ಎದುರುಬದುರು ನಿಂತು ಏಕಕಾಲಕ್ಕೆ ನೂಕಿದರೆ ಅಲ್ಲೇ ನಿಲ್ಲುತ್ತದೆ. ಹಾಗೆಯೇ ಇದು.

ಮೊದಲ ದಿನ ಏನಾಯಿತು ಗೊತ್ತೇ? ಮಗನ ದನಿ ಪೂರ್ತಿ ಮಾಯ, ಗದ್ದಲ ಮಾತ್ರ ಇದ್ದ ಹಾಗೇ! ಒಂದು ಬಳೆಯ ತಂತಿ ತಿರುವುಮುರುವಾಗಿತ್ತು. ಆಕಾಶದಿಂದ ನೇರ ಇಳಿಯುವ ದನಿ ಎರಡು ಬಳೆಗೂ ಒಂದೇ ಕ್ಷಣಕ್ಕೆ ತಲುಪಿ ಒಂದನ್ನೊಂದು ಕೊಂದಿತ್ತು. ಸರಿಪಡಿಸಿದರು. ದನಿ ಏರಿತು, ಗದ್ದಲವೂ ಏರಿತು. ಇವರ ಮುಖ ಬಾಡಿತು.

ಆಗ ಮಗ ಫೋನಿನಲ್ಲಿ, "ಅಪ್ಪಾ, ಗದ್ದಲ ಯಾವ ಕಡೆಯಿಂದ ಬರ್ತಿದೆ?" ಎಂದು ಕೇಳಿದ. "ಪೂರ್ವದ ಮನೆ ಕಡೆಯಿಂದ." "ಹಾಗಾದ್ರೆ ಮತ್ತೆ ತಿರುವುಮುರುವು ಮಾಡಿ. ಪೂರ್ವದ ಬಳೆಗೆ ಮಾತ್ರ 6.6 ಮೀಟರ್ ಕೇಬಲ್ ಹೆಚ್ಚಿಗೆ ಹಾಕಿ." ಲೆಕ್ಕ ಸುಲಭ. ಗದ್ದಲ ಮೊದಲು ಪೂರ್ವದ ಬಳೆಗೆ ಬಂದು, 10 ಮೀಟರ್ ದಾಟಿ ಪಶ್ಚಿಮದ್ದಕ್ಕೆ ಹೋಗುತ್ತದೆ. ಆ ಕೇಬಲಿನೊಳಗೆ ಅಲೆಯ ವೇಗ ಗಾಳಿಯಲ್ಲಿರುವುದರ ಮೂರನೆಯ ಎರಡು ಪಾಲು ಮಾತ್ರ. ಹಾಗಾಗಿ 6.6 ಮೀಟರ್ ಕೇಬಲ್ ಅಷ್ಟೇ ಹೊತ್ತು ತಡೆದು ನಿಲ್ಲಿಸುತ್ತದೆ. ಈಗ ಗದ್ದಲ ಗದ್ದಲವನ್ನೇ ಕೊಲ್ಲುತ್ತದೆ. ಮೇಲಿನಿಂದ ಬರುವ ದನಿ ಬಹುಮಟ್ಟಿಗೆ ಉಳಿಯುತ್ತದೆ. ಮೊದಲು ತಪ್ಪಾಗಿದ್ದದ್ದೇ ಈಗ ಮದ್ದಾಯಿತು!

ಇದು ನಮ್ಮ ತಾರಸಿಯ ಆಟ ಮಾತ್ರವಲ್ಲ. ಇದೇ ಕೊಚ್ಚಿ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ಉದ್ಘಾಟನೆಯಾದ ರಾಡಾರ್, ಕಟ್ಟಡದ ಮೇಲೆ 619 ಆಂಟೆನಾ ಹೊಂದಿಸಿಕೊಂಡು ಸುಮಾರು 20 ಕಿಲೋಮೀಟರ್ ಎತ್ತರದವರೆಗಿನ ಗಾಳಿಯನ್ನು ಅಳೆಯುತ್ತದೆ. ನಮ್ಮ ಗೌರಿಬಿದನೂರಿನ ಬಯಲಿನಲ್ಲಿ 1970ರ ದಶಕದಲ್ಲೇ 1,000 ಡೈಪೋಲ್ ನೆಟ್ಟು ಆಕಾಶಕ್ಕೆ ಕಿವಿಗೊಟ್ಟಿದ್ದರು. ಎಲ್ಲೆಡೆಯೂ ಗುಟ್ಟು ಒಂದೇ: ಯಾವುದನ್ನು ಎಷ್ಟು ತಡೆದು, ಯಾವ ಮುಖವಾಗಿ ಸೇರಿಸಬೇಕೆಂಬ ಲೆಕ್ಕ.

ನಿಮಗೂ ಶಾಲೆಯ ಮಲಯಾಳಂ, ಮನೆಯ ಕನ್ನಡ ಎರಡೂ ಕಿವಿಗೆ ಬೀಳುತ್ತವೆ. ಎರಡನ್ನೂ ಸುಮ್ಮನೆ ಹೊಸೆಯಬೇಡಿ, ಒಂದನ್ನೂ ಕಿತ್ತುಹಾಕಬೇಡಿ. ಎರಡಕ್ಕೂ ಅದರದರ ಬಾಗಿಲು ಇರಲಿ.

ಭಾನುವಾರದ ಭೇಟಿ ಈಗ ಮತ್ತೆ ಅರ್ಧ ಗಂಟೆಗೆ ಬಂದಿದೆ. ಮೊನ್ನೆ ಮಗ, "ಅಮ್ಮಾ, ಕುಕ್ಕರ್ ಕೂಗ್ತಿದೆ, ಆರಿಸು" ಎಂದ, ತಿರುವನಂತಪುರದಿಂದ! ಬಿಡುವಾದಾಗ ಬನ್ನಿ, ನೀವೂ ಕೇಳುವಿರಂತೆ. ಕೋಡುಬಳೆ ಮಾಡಿಟ್ಟಿರುತ್ತೇನೆ, ತಿನ್ನುವಂಥದ್ದು.

ನಿಮ್ಮ,
ಆಂಟಿ