ಸಿದ್ಧತೆಯೇ ಮೊದಲ ಪಾಠ

ಆನ್‌ಲೈನ್ ಕಾರ್ಯಾಗಾರಕ್ಕೆ ಮುನ್ನ ಕಳುಹಿಸುವ ಸಿದ್ಧತಾ ಸೂಚನೆಯನ್ನು ನಾವು ಸುತ್ತೋಲೆಯಂತೆ ಓದಿ ಬಿಡುತ್ತೇವೆ. ‘ಆರ್ ಮತ್ತು ಆರ್‌ಸ್ಟುಡಿಯೋ ಹಾಕಿಕೊಂಡು ಬನ್ನಿ’ ಎಂಬ ಒಂದು ಸಾಲು, ಕೆಳಗೆ ಎರಡು ಲಿಂಕ್. ಇಷ್ಟು ಸಾಲದು ಎಂಬುದು ನನ್ನ ಅಭಿಪ್ರಾಯ. ಕ್ರಿಯಾ ಸಂಶೋಧನೆಯ ಅಂಕಗಳನ್ನು ಕೋಡ್ ಬರೆದು ವಿಶ್ಲೇಷಿಸುವ ಕಾರ್ಯಾಗಾರಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳನ್ನು ಸಿದ್ಧಗೊಳಿಸುತ್ತಿರುವ ನನಗೆ, ಈ ಸಿದ್ಧತೆಯೇ ಕಾರ್ಯಾಗಾರದ ಮೊದಲ ಪಾಠ ಎನಿಸಿದೆ.

ಕಾರ್ಯಾಗಾರದ ಗುರಿ ಪುನರುತ್ಪಾದಿಸಬಲ್ಲ ಸಂಶೋಧನೆ. ಅಂದರೆ ನನ್ನ ದತ್ತಾಂಶವನ್ನೂ ಕೋಡನ್ನೂ ಇನ್ನೊಬ್ಬರಿಗೆ ಕೊಟ್ಟರೆ, ಅವರ ಕಂಪ್ಯೂಟರಿನಲ್ಲೂ ಅದೇ ಉತ್ತರ ಬರಬೇಕು. ಇದು ಬರೀ ಶಿಸ್ತಿನ ಮಾತಲ್ಲ. ಸಾರ್ವಜನಿಕ ಸಾಲ ಹೆಚ್ಚಿರುವ ದೇಶಗಳ ಬೆಳವಣಿಗೆ ಕುಸಿಯುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಬರೆದ ಪ್ರಬಂಧವನ್ನು ಹಲವು ಸರ್ಕಾರಗಳ ಮಿತವ್ಯಯ ನೀತಿಯ ಸಮರ್ಥನೆಗೆ ಬಳಸಲಾಯಿತು. ಅಮೆರಿಕದ ವಿದ್ಯಾರ್ಥಿ ಥಾಮಸ್ ಹರ್ಂಡನ್ ತರಗತಿಯ ನಿಯೋಜಿತ ಕಾರ್ಯವಾಗಿ ಅದೇ ಲೆಕ್ಕವನ್ನು ಮತ್ತೆ ಮಾಡಲು ಹೊರಟಾಗ ಉತ್ತರ ಕೂಡಿಬರಲಿಲ್ಲ. ಲೇಖಕರಿಂದಲೇ ಎಕ್ಸೆಲ್ ಹಾಳೆ ತರಿಸಿ ನೋಡಿದರೆ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಹರ್ಂಡನ್ ಮತ್ತು ಅವರ ಇಬ್ಬರು ಅಧ್ಯಾಪಕರು 2013ರಲ್ಲಿ ಇದನ್ನೂ ಲೆಕ್ಕದ ಇತರ ದೋಷಗಳನ್ನೂ ಸರಿಪಡಿಸಿ ತೋರಿಸಿದಾಗ, ಶೇ. –0.1 ಎಂದಿದ್ದ ಸರಾಸರಿ ಬೆಳವಣಿಗೆ ಶೇ. 2.2 ಆಯಿತು. ಸೂತ್ರ ಹಾಳೆಯ ಕೋಶದೊಳಗೆ ಅಡಗಿತ್ತು. ಕೋಡಿನಲ್ಲಿ ಬರೆದಿದ್ದರೆ ತಪ್ಪು ಆಗುವುದೇ ಇಲ್ಲ ಎನ್ನಲಾರೆ; ಆದರೆ ಓದುವವರ ಕಣ್ಣಿಗೆ ಬೀಳುತ್ತದೆ.

ನಮ್ಮ ಘಟಕ ಪರೀಕ್ಷೆಯ ಅಂಕಗಳಿಗೂ ಇದೇ ಅಪಾಯವಿದೆ. ಐದಕ್ಕೆ ಮೂರು ಅಂಕ ಎಂದು ಎಕ್ಸೆಲ್‌ನಲ್ಲಿ ‘3/5’ ಎಂದು ಒತ್ತಿದರೆ ಅದು ದಿನಾಂಕವಾಗಿಬಿಡುತ್ತದೆ. ಕಡತದ ಪೂರ್ಣ ವಿಳಾಸವನ್ನು ಕೋಡಿನೊಳಗೆ ಬರೆದರೆ ಆ ಕೋಡ್ ಬರೆದವರ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. 2022ರ 4.2 ಆವೃತ್ತಿಯಿಂದ ಈಚೆಗೆ ಆರ್, 32 ಬಿಟ್‌ನ ಹಳೆಯ ವಿಂಡೋಸ್‌ನಲ್ಲಿ ಕೆಲಸ ಮಾಡುವುದಿಲ್ಲ. ಇವೆಲ್ಲ ಸಿದ್ಧತೆಯ ವಾರದಲ್ಲೇ ಎದುರಾಗುವ ತೊಡಕುಗಳು, ಕಾರ್ಯಾಗಾರದ ವಿಷಯವೂ ಇವೇ. ನಮ್ಮ ಸಿದ್ಧತಾ ಸೂಚನೆಯೇ ಕಲಿಯುವವರ ಕಂಪ್ಯೂಟರಿನಲ್ಲಿ ನಡೆಯದಿದ್ದರೆ, ಪುನರುತ್ಪಾದನೆಯ ಬಗ್ಗೆ ಬೋಧಿಸುವ ಅರ್ಹತೆ ನಮಗೆಲ್ಲಿಂದ ಬರಬೇಕು?

ಇದರ ಬೆಲೆ ತೆರುವವರು ಯಾರು ಎಂಬುದನ್ನೂ ನೋಡಬೇಕು. ಮುಖಾಮುಖಿ ಕಾರ್ಯಾಗಾರಗಳಲ್ಲಿ ತೊಡಕಾದವರು ಲ್ಯಾಪ್‌ಟಾಪಿನ ಮೇಲೆ ಬಣ್ಣದ ಚೀಟಿ ಅಂಟಿಸುವ ಪದ್ಧತಿಯುಂಟು. ಸಹಾಯಕರು ನೋಡಿ ಬರುತ್ತಾರೆ. ಆನ್‌ಲೈನಿನಲ್ಲಿ ಅಂಥವರು ಕಾಣುವುದೇ ಇಲ್ಲ. ತಂತ್ರಾಂಶ ತೆರೆಯದವರು, ಅಣ್ಣನ ಲ್ಯಾಪ್‌ಟಾಪ್ ಕೇಳಿ ತಂದವರು, ಮೊಬೈಲ್ ಒಂದನ್ನೇ ನಂಬಿದವರು ಮೊದಲ ಅರ್ಧ ಗಂಟೆಯಲ್ಲೇ ಹಿಂದೆ ಬೀಳುತ್ತಾರೆ. ‘ಕಂಪ್ಯೂಟರ್ ನನ್ನ ತಲೆಗೆ ಹತ್ತುವುದಿಲ್ಲ’ ಎಂದುಕೊಂಡು ಸುಮ್ಮನಾಗುತ್ತಾರೆ. ಅದೇ ಮಾತನ್ನು ನಾಳೆ ತಮ್ಮ ಶಾಲೆಗೂ ಒಯ್ಯುತ್ತಾರೆ.

‘ಇರುವ ಅವಧಿಯೇ ಕಡಿಮೆ, ತಂತ್ರಾಂಶ ಹಾಕಿಕೊಳ್ಳುವುದು ಅವರವರ ಕೆಲಸ’ ಎಂಬ ಆಕ್ಷೇಪವನ್ನು ಸಹೋದ್ಯೋಗಿಗಳಿಂದ ಕೇಳಿದ್ದೇನೆ. ಆದರೆ ಪೂರ್ವಜ್ಞಾನ ಪರೀಕ್ಷಿಸದೆ ಪಾಠ ಆರಂಭಿಸಿದ ಪ್ರಶಿಕ್ಷಣಾರ್ಥಿಗೆ ನಾವು ವೀಕ್ಷಣಾ ಪುಸ್ತಕದಲ್ಲಿ ಏನು ಬರೆಯುತ್ತೇವೆ? ಅದೇ ಅಳತೆಗೋಲು ನಮಗೂ ಅನ್ವಯಿಸಬೇಕು.

ನನ್ನ ಸಲಹೆಗಳು ಸರಳ. ಒಂದು ವಾರ ಮೊದಲೇ ಐದು ಸಾಲಿನ ಕೋಡ್ ಮತ್ತು ಚಿಕ್ಕದೊಂದು ಅಂಕಪಟ್ಟಿ ಕಳುಹಿಸೋಣ; ಅದನ್ನು ನಡೆಸಿ ಬಂದ ಸರಾಸರಿಯನ್ನು ಮರಳಿ ಕಳುಹಿಸಿದವರು ಸಿದ್ಧರಾದಂತೆ. ಉತ್ತರ ಬಾರದವರಿಗೆ ಮೂರು ದಿನ ಮೊದಲು ಪ್ರತ್ಯೇಕ ಸಹಾಯ. ಹಳೆಯ ಯಂತ್ರದವರಿಗೆ ಬ್ರೌಸರಿನಲ್ಲೇ ನಡೆಯುವ ಗೂಗಲ್ ಕೊಲ್ಯಾಬ್. ಮೊಬೈಲ್ ಮಾತ್ರ ಇರುವವರಿಗೆ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಜಾಗ. ಅಂಕಪಟ್ಟಿಯಲ್ಲಿ ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಕೊನೆಗೆ, ಇಬ್ಬಿಬ್ಬರು ತಮ್ಮ ಫೋಲ್ಡರ್‌ಗಳನ್ನು ಅದಲುಬದಲು ಮಾಡಿಕೊಂಡು ಅದೇ ಉತ್ತರ ಬರುತ್ತದೆಯೇ ಎಂದು ನೋಡಲಿ.

ಈ ವಾರವನ್ನು ಕಾರ್ಯಾಗಾರದ ಅವಧಿಯೊಳಗೇ ಎಣಿಸಬೇಕು, ಹಾಜರಾತಿಯನ್ನೂ ಕೊಡಬೇಕು. ಲೆಕ್ಕಕ್ಕೆ ಸೇರದ ಕೆಲಸವನ್ನು ಬಿಡುವು ಇರುವವರು ಮಾತ್ರ ಮಾಡುತ್ತಾರೆ.